ನಿಘಂಟನ್ನು ರದ್ದಿಗೆ ಹಾಕಿದ ರವಿವಾರ

ನನಗೆ ಸಿಟ್ಟು ಬರುವುದು ಬೇಗ, ಹೋಗುವುದು ತಡ. ನಮ್ಮ ಮನೆಯವರದು ಪೂರಾ ಉಲ್ಟಾ. ಅವರಿಗೆ ಸಿಟ್ಟೇ ಬರುವುದಿಲ್ಲ. ನನ್ನ ಅರ್ಧ ಸಿಟ್ಟಿಗೆ ಅದೇ ಕಾರಣ ಎಂದು ಮದುವೆಯಾದ ಹೊಸತರಲ್ಲೇ ಅವರ ಮುಖಕ್ಕೆ ಹೇಳಿದ್ದೆ. ಅದಕ್ಕೂ ನಕ್ಕಿದ್ದರು, ಪುಣ್ಯಾತ್ಮ.

ತೊಂಬತ್ತರ ದಶಕದ ಮೊದಲ ವರ್ಷಗಳು. ಅವರು ಅಥಣಿ ತಾಲೂಕಿನ ಸತ್ತಿಯ ಕಡೆ ಪ್ರಾಥಮಿಕ ಶಾಲೆಯ ಮಾಸ್ತರರು. ಕೃಷ್ಣೆಯ ದಂಡೆಗೆ ಹತ್ತಿರ ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದೆವು. ನಾನು ಹತ್ತನೆಯ ತರಗತಿ ಮುಗಿಸಿ ಮದುವೆಯಾದವಳು. ಆಮೇಲೆ ಖಾಸಗಿಯಾಗಿ ಪಿಯುಸಿ ಕಟ್ಟಿದೆ. ಉಳಿದದ್ದೆಲ್ಲ ಪಾಸು, ಇಂಗ್ಲಿಷು ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮೊದಲ ಸಲ ಬಿದ್ದಾಗ ಎರಡು ದಿನ ಅತ್ತೆ. ಎರಡನೆಯ ಸಲ ಎರಡೇ ಅಂಕಕ್ಕೆ ಬಿದ್ದೆ. ಆಗ ಅಳುವುದಕ್ಕೂ ಬೇಸರವಾಗಿತ್ತು. ಈಗ ಮೂರನೆಯ ಸಲ. ಇದರಲ್ಲಿ ಪಾಸಾದರೆ ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಬಹುದಿತ್ತು. ಬಿದ್ದರೆ ಮುಂದಿನ ವರ್ಷ ತರಬೇತಿಯ ವಯಸ್ಸು ಮೀರುತ್ತಿತ್ತು. ಅಲ್ಲಿಗೆ ಮುಗಿಯಿತು. ರಾಯಬಾಗದಲ್ಲಿದ್ದ ನಮ್ಮ ಅತ್ತೆ ಆ ಸಂಕ್ರಾಂತಿಗೇ ಹೇಳಿದ್ದರು, "ಇದೊಂದ ಸಲ ನೋಡವಾ. ಆಮ್ಯಾಲೆ ಈ ಹುಚ್ಚ ಬಿಟ್ಟಬಿಡ. ಮಂದಿ ಕೇಳ್ತಾರ, ಸೊಸಿ ಇನ್ನ ಸಾಲೀಗೆ ಹೊಕ್ಕಾಳೇನಂತ."

ಪರೀಕ್ಷೆ ಬುಧವಾರ ಮುಂಜಾನೆ, ಚಿಕ್ಕೋಡಿಯಲ್ಲಿ. ನನ್ನ ತವರು ಅಲ್ಲೇ. ಮಂಗಳವಾರ ಸಂಜೆ ಹೋಗಿ ಅಲ್ಲಿ ಇಳಿಯುವುದೆಂದು ಗೊತ್ತುಮಾಡಿಕೊಂಡಿದ್ದೆವು. ಅದಕ್ಕೂ ಮೊದಲಿನ ರವಿವಾರದ ಮಾತು ಇದು.

ಹೊಸ ಪುಸ್ತಕ ಕೊಳ್ಳುವ ಮಂದಿ ನಾವಾಗಿರಲಿಲ್ಲ. ಆದರೆ ಇಬ್ಬರಿಗೂ ಓದುವ ಚಟ. ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿಯೇ ಬಿಸಾಕುವವರು. ಆ ಚಟಕ್ಕೆ ಒಂದು ದಾರಿ ಅಥಣಿಯಲ್ಲಿತ್ತು. ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಒಂದು ರದ್ದಿ ಅಂಗಡಿ. ಅದರ ಮಾಲಕ ವಯಸ್ಸಾದವನು, ಎಲ್ಲರೂ ಕಾಕಾ ಎನ್ನುತ್ತಿದ್ದರು. ಎರಡು ಕಿಲೋ ಹಳೆಯ ಪುಸ್ತಕ ಹಾಕಿದರೆ ಒಂದು ಕಿಲೋ ನಮಗೆ ಬೇಕಾದ್ದನ್ನು ಆರಿಸಿಕೊಂಡು ಹೋಗಲು ಬಿಡುತ್ತಿದ್ದ. ಪುಸ್ತಕದೊಳಗೆ ಏನಿದೆ ಎನ್ನುವುದು ಅವನಿಗೆ ಬೇಡ. ಕನ್ನಡವೋ ಮರಾಠಿಯೋ, ಕಥೆಯೋ ಕಾನೂನೋ, ತಕ್ಕಡಿಗೆ ಎಲ್ಲ ಒಂದೇ. ಬಸ್ ಚಾರ್ಜು ಬಿಟ್ಟರೆ ಖರ್ಚಿಲ್ಲ. ರೊಟ್ಟಿ ಕಟ್ಟಿಕೊಂಡು ಹೋಗುವುದು, ಮಧ್ಯಾಹ್ನದತನಕ ಧೂಳಿನಲ್ಲಿ ಹೊರಳಾಡುವುದು, ಚೀಲ ತುಂಬಿಕೊಂಡು ಬರುವುದು. ವರ್ಷಕ್ಕೆ ಮೂರೋ ನಾಲ್ಕೋ ಸಲ ಹೀಗೆ ಹೋಗುತ್ತಿದ್ದೆವು. ಬೇರೆಯವರು ಕೊಲ್ಹಾಪುರಕ್ಕೆ ಹೋಗಿ ಬರುತ್ತಿದ್ದರಲ್ಲ, ನಮಗೆ ಇದೇ ಕೊಲ್ಹಾಪುರ.

ಮೊದಲ ಸಲ ಹೋದಾಗ ತಕ್ಕಡಿಯ ಮುಂದೆಯೇ ಫಜೀತಿಯಾಗಿತ್ತು. ತಂದ ಪುಸ್ತಕಗಳನ್ನು ಹಾಕುವುದು, ಮನಸ್ಸು ತಡೆಯದೆ ಮತ್ತೆ ಎತ್ತಿಕೊಳ್ಳುವುದು. ಅವರು ತಮ್ಮದನ್ನು ಎತ್ತಿಕೊಂಡರೆ ನಾನು ನನ್ನದನ್ನು ಎತ್ತಿಕೊಳ್ಳುವೆ. ಕಾಕಾ ಕಲ್ಲು ಇಟ್ಟು ತೆಗೆದು, ಇಟ್ಟು ತೆಗೆದು ಸಾಕಾಗಿ, "ನೀವ ಗಂಡಾ ಹೆಂಡ್ತಿ ಮನ್ಯಾಗ ಜಗಳಾ ಮುಗಿಸ್ಕೊಂಡ ಬರ್ರಿ ಮಾಸ್ತರ. ಇದು ದುಕಾನ ಐತಿ," ಎಂದು ಗದರಿದ್ದ.

ಆಗಿನಿಂದ ನಾವಿಬ್ಬರೇ ಒಂದು ಕರಾರು ಮಾಡಿಕೊಂಡೆವು. ತನ್ನ ಪುಸ್ತಕ ತಾನು ಆರಿಸುವಂತಿಲ್ಲ. ಅವರ ಪುಸ್ತಕಗಳಲ್ಲಿ ಯಾವುದು ಹೋಗಬೇಕೆಂದು ನಾನು ಆರಿಸಬೇಕು, ನನ್ನವುಗಳಲ್ಲಿ ಅವರು. ಚೀಲದ ಬಾಯಿಯನ್ನು ಸುತಳಿಯಿಂದ ಕಟ್ಟಿದ ಮೇಲೆ ಬಿಚ್ಚಿ ನೋಡುವಂತಿಲ್ಲ, ಏನೇನು ಹಾಕಿದಿ ಎಂದು ಕೇಳುವಂತಿಲ್ಲ. ಅಂಗಡಿಯಲ್ಲಿ ಅವರ ಚೀಲ ತೂಗುವಾಗ ಅವರು ಒಳಗಿನ ಖೋಲಿಗೆ ಹೋಗಿಬಿಡಬೇಕು, ನನ್ನದು ತೂಗುವಾಗ ನಾನು. ಕೇಳಿದವರು ನಗುತ್ತಿದ್ದರು. ಆದರೆ ಈ ಕರಾರಿನಿಂದ ಎರಡು ವರ್ಷ ಒಂದೂ ಜಗಳವಿಲ್ಲದೆ ನಡೆದಿತ್ತು. ಅವರೂ ನನ್ನ ಜೀವದ ಪುಸ್ತಕಗಳನ್ನು ಮುಟ್ಟುತ್ತಿರಲಿಲ್ಲ, ನಾನೂ ಅವರವನ್ನು ಮುಟ್ಟುತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಅವರ ಜೀವದ ಪುಸ್ತಕ ಎಂದರೆ ಒಂದು ನಿಘಂಟು. ಇಟ್ಟಂಗಿಯಷ್ಟು ದಪ್ಪ, ಹಸಿರು ರಟ್ಟು. ಏಳನೆಯ ತರಗತಿಯಲ್ಲಿ ಪ್ರಬಂಧ ಬರೆದದ್ದಕ್ಕೆ ಬಹುಮಾನವಾಗಿ ಬಂದದ್ದು. ಅವರ ಅಪ್ಪ ಪರರ ಕಬ್ಬಿನ ಗದ್ದೆಯಲ್ಲಿ ದುಡಿದವರು, ಒಂದಕ್ಷರ ಓದಲು ಬಾರದವರು. ಖಂಡೇನವಮಿಯ ದಿನ ಕುಡಗೋಲು ಸಲಿಕೆಗಳ ಜೊತೆಗೆ ಆ ನಿಘಂಟನ್ನೂ ಪೂಜೆಗೆ ಇಡುತ್ತಿದ್ದರಂತೆ. ಇವರು ಅದನ್ನು ಮಂದಿ ಕಾದಂಬರಿ ಓದುವ ಹಾಗೆ ಓದುತ್ತಿದ್ದರು. ಉಣ್ಣುವಾಗ ಎಡಗೈಯಲ್ಲಿ ಅದು. ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ತಲೆ ಎತ್ತುತ್ತಿರಲಿಲ್ಲ.

ಆ ರವಿವಾರ ಬೆಳಗ್ಗೆ ನಾನು ಇಂಗ್ಲಿಷ್ ವ್ಯಾಕರಣ ಹಿಡಿದು ಕುಳಿತಿದ್ದೆ. ನಿನ್ನೆ ಬಂದದ್ದು ಇವತ್ತು ನೆನಪಿಲ್ಲ. ಅವರು ಕಿಟಕಿಯ ಕಟ್ಟೆಗೆ ಒರಗಿ ನಿಘಂಟು ಓದುತ್ತಿದ್ದರು.

"ಈ ಸಲಾನೂ ಬಿದ್ರ ಏನ್ ಮಾಡೂದ್ರಿ?" ಎಂದು ಕೇಳಿದೆ.

"ಬಿದ್ರ ಬಿತ್ತ ಬಿಡ. ಮನಿ ಏನ್ ಮುಳುಗಿ ಹೋಗೂದಿಲ್ಲ," ಎಂದರು. ತಲೆ ಎತ್ತಲಿಲ್ಲ.

ಧೈರ್ಯ ಹೇಳಲು ಹಾಗೆ ಅಂದರು ಎಂದು ಈಗ ಗೊತ್ತಾಗುತ್ತದೆ. ಆಗ ನನ್ನ ನೆತ್ತಿಯಿಂದ ಬೆಂಕಿ ಹೊರಟಿತು. ಮೂರು ವರ್ಷದಿಂದ ನಾನು ಒಲೆಯ ಮುಂದೆ ಪುಸ್ತಕ ಹಿಡಿದು ಕಣ್ಣು ಕಳೆದುಕೊಂಡದ್ದು ಇವರಿಗೆ ಲೆಕ್ಕಕ್ಕೇ ಇಲ್ಲ. ನಾನು ಬಿದ್ದರೂ ಒಂದೇ, ಎದ್ದರೂ ಒಂದೇ. ಅವರು ಹೊಳೆಗೆ ಸ್ನಾನಕ್ಕೆ ಹೋದರು. ನಾನು ಅವರ ಚೀಲಕ್ಕೆ ಪುಸ್ತಕ ಆರಿಸಲು ಕುಳಿತೆ. ಹಳೆಯ ಮಾಸಿಕಗಳನ್ನು ಹಾಕಿದೆ, ಬೆನ್ನು ಕಿತ್ತುಹೋದ ಎರಡು ಕಾದಂಬರಿ ಹಾಕಿದೆ. ಆಮೇಲೆ ಎದ್ದು ಹೋಗಿ ಕಿಟಕಿಯ ಕಟ್ಟೆಯ ಮೇಲಿದ್ದ ನಿಘಂಟನ್ನು ತಂದು ಚೀಲದ ಬುಡಕ್ಕೆ ತುರುಕಿ, ಸುತಳಿಯಿಂದ ಬಿಗಿಯಾಗಿ ಕಟ್ಟಿದೆ. ಒಳ್ಳೆ ಸಮಾಧಾನವಾಯಿತು. ಸುಳ್ಳು ಯಾಕೆ ಹೇಳಲಿ? ಕಾಕಾನ ಅಂಗಡಿಯಲ್ಲಿ ಮಾಲು ತಿಂಗಳುಗಟ್ಟಲೆ ಬಿದ್ದಿರುತ್ತದೆ, ಪರೀಕ್ಷೆ ಮುಗಿದ ಮೇಲೆ ಬೇಕಾದರೆ ಬಿಡಿಸಿಕೊಂಡು ಬಂದರಾಯಿತು, ಅಲ್ಲಿಯತನಕ ಹುಡುಕಿ ಒದ್ದಾಡಲಿ ಎಂದುಕೊಂಡೆ. ಅವರು ಬಂದಾಗ ಬಸ್ಸಿಗೆ ಹೊತ್ತಾಗಿತ್ತು. ಕಿಟಕಿಯ ಕಡೆ ನೋಡಲೇ ಇಲ್ಲ.

ಬಸ್ಸಿನಲ್ಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಅವರೇ ಎರಡು ಸಲ ಮಾತಿಗೆಳೆದು ನೋಡಿದರು. "ಏ, ಗೈಡ್ ಒಂದು ಸಿಕ್ರ ಬುಧವಾರದ ಚಿಂತಿ ಇಲ್ಲ ನೋಡ," ಎಂದರು. ನಾನು ಹೊರಗೆ ನೋಡುತ್ತ ಕುಳಿತೆ.

ಅಂಗಡಿಯಲ್ಲಿ ಕರಾರಿನಂತೆ ಅವರು ಒಳಗಿನ ಖೋಲಿಗೆ ಹೋದರು. ಕಾಕಾ ಸುತಳಿ ಬಿಚ್ಚಿ ಚೀಲ ಬುಡಮೇಲು ಮಾಡಿದ. ನಿಘಂಟು ಧೊಪ್ಪೆಂದು ಬಿತ್ತು. ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಬಾಯಾರ, ಇದು ಘಟ್ಟಿ ಮಾಲ್ ಐತ್ರಿ. ಖರೇನ ಹಾಕ್ತೀರೇನು?" ಎಂದ.

"ಹಾಕ್ರಿ," ಎಂದೆ.

ಅವನ ಅಂಗಡಿಯ ರೀತಿ ಸಿಟ್ಟಿನಲ್ಲಿ ನನಗೆ ಮರೆತೇ ಹೋಗಿತ್ತು. ದಪ್ಪ ಪುಸ್ತಕ ಬಂದರೆ ಮೊದಲು ರಟ್ಟು ಕೀಳುವುದು. ರಟ್ಟು ಒಯ್ಯುವವರು ಬೇರೆ, ಹಾಳೆ ಒಯ್ಯುವವರು ಬೇರೆ. ಅದು ದ್ರಾಕ್ಷಿಯ ಕಾಲ. ಡಬ್ಬಿಯ ಬುಡಕ್ಕೆ ಹಾಸಲು ತೋಟದವರು ಹಾಳೆಗಳನ್ನು ಮೂಟೆಗಟ್ಟಲೆ ಒಯ್ಯುತ್ತಿದ್ದರು. ಕಾಕಾ ನಿಘಂಟನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಒಂದೇ ಎಳೆತಕ್ಕೆ ಹಸಿರು ರಟ್ಟನ್ನು ಚರ್ರನೆ ಕಿತ್ತ. ಬೇಡ ಕೊಡ್ರಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂಜಾನೆಯ ಮಾತು ನೆನಪಾಗಿ ಮುಚ್ಚಿಕೊಂಡೆ.

ಎರಡು ತಾಸು ಪುಸ್ತಕ ಹುಡುಕಿದೆವು. ನಾನು ಹೊರಗಿನ ರಾಶಿಯಲ್ಲಿ, ಅವರು ಒಳಗೆ. ನನಗೊಂದು ಮರಾಠಿ ಅಡುಗೆಯ ಪುಸ್ತಕ, ಕೊನೆಯ ಹಾಳೆಗಳಿಲ್ಲದ ಒಂದು ಪತ್ತೇದಾರಿ ಕಾದಂಬರಿ ಸಿಕ್ಕವು. ಕೊನೆಯೇ ಇಲ್ಲದ ಪತ್ತೇದಾರಿ ಯಾರಿಗೆ ಬೇಕು ಹೇಳಿ, ಆದರೂ ಇಟ್ಟುಕೊಂಡೆ. ಅವರು ಹೊರಗೆ ಬಂದಾಗ ತಲೆಗೂದಲು ಹುಬ್ಬು ಎಲ್ಲ ಧೂಳಿನಿಂದ ಬೆಳ್ಳಗಾಗಿದ್ದವು. ಕೈಯಲ್ಲಿ ಎರಡು ಇಂಗ್ಲಿಷ್ ಗೈಡು, ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು. ತಮಗೆಂದು ಒಂದೂ ಪುಸ್ತಕ ತೆಗೆದುಕೊಂಡಿರಲಿಲ್ಲ. "ತೂಕಾ ಇಷ್ಟಕ್ಕ ಮುಗೀತು," ಎಂದು ನಕ್ಕರು. ನನಗೆ ಮೊದಲ ಸಲ ಚೂರು ನಾಚಿಕೆಯಾಯಿತು.

ಬಸ್ ನಿಲ್ದಾಣದ ಪಕ್ಕದ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಉಣ್ಣುತ್ತ ಗೈಡು ತಿರುವಿದೆ. ಮೊದಲ ಹಾಳೆಯಲ್ಲೇ ಪರೀಕ್ಷೆಗೆ ಹೋಗುವವರಿಗೆ ಸೂಚನೆಗಳು. ಹಾಲ್ ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂದು ಎಲ್ಲಕ್ಕಿಂತ ಮೊದಲು ಬರೆದಿತ್ತು. ಖಾಸಗಿಯವರ ಫೋಟೋದ ಮೇಲೆ ಅಧಿಕಾರಿಯೊಬ್ಬರ ಸಹಿ, ಶಿಕ್ಕಾ ಬೇಕಿತ್ತು. ಹಿಂದಿನ ವಾರ ಅದನ್ನು ಮಾಡಿಸಿಕೊಂಡು ಬಂದವರು ಇವರೇ. ಜೋಪಾನ ಇಟ್ಟೀನಿ ಎಂದಿದ್ದರು. ನಾನು ಎಲ್ಲಿ ಎಂದು ಕೇಳಿರಲಿಲ್ಲ.

"ಅಂದಂಗ ನನ್ನ ಹಾಲ್ ಟಿಕೆಟ್ ಎಲ್ಲಿಟ್ಟೀರಿ?" ಎಂದೆ.

"ನಿಘಂಟಿನ್ಯಾಗ. ಭದ್ರ ಐತಿ, ಕಾಳಜಿ ಬಿಡ," ಎಂದು ರೊಟ್ಟಿ ಮುರಿದರು.

ಬಾಯಲ್ಲಿದ್ದ ತುತ್ತನ್ನು ಅಗಿಯದೆ ನುಂಗಿದೆ. ನೀರು ಕುಡಿದೆ. ಹೇಳಬೇಕಿತ್ತು, ಆಗಲೇ ಹೇಳಬೇಕಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ಒಂದು ಪುಸ್ತಕ ಅಲ್ಲೇ ಮರ್ತ ಬಂದೆ. ನೀವು ಉಣ್ಣಕೋತ ಇರ್ರಿ, ಈಗ ಬಂದೆ," ಎಂದು ಎದ್ದೆ.

ಮರ ಕಣ್ಮರೆಯಾಗುವತನಕ ನಡೆದೆ, ಆಮೇಲೆ ಓಡಿದೆ. ಸೀರೆ ಕಾಲಿಗೆ ತೊಡರಿ ಒಂದು ಸಲ ಮುಗ್ಗರಿಸಿದೆ. ಅಂಗಡಿಯ ಮುಂದೆ ಬಂದು ನೋಡಿದರೆ ಹಾಳೆಗಳ ರಾಶಿ ಇದ್ದ ಜಾಗ ಸ್ವಚ್ಛ! ಕಾಕಾ ಕಸಬರಿಗೆಯಿಂದ ಗುಡಿಸುತ್ತಿದ್ದ. ಹಸಿರು ರಟ್ಟು ಮಾತ್ರ ಮೂಲೆಯಲ್ಲಿ ಬಿದ್ದಿತ್ತು.

"ಕಾಕಾ, ನನ್ನ ಪುಸ್ತಕ! ಮುಂಜಾನೆ ಹಾಕಿದ್ನಲ್ಲ, ದಪ್ಪಂದು!"

"ಅರೆ, ನೀವ ಅತ್ತಾಗ ಹೋಗೂದ ತಡ, ದ್ರಾಕ್ಷಿ ತ್ವಾಟದ ಟೆಂಪೋ ಬಂದಿತ್ರಿ. ಹಾಳಿ ಎಲ್ಲಾ ತುಂಬಕೊಂಡ ಹೋದ್ರು. ಕಾಗವಾಡ ರೋಡಿಗೆ, ಹಳ್ಳಾ ದಾಟಿದ ಮ್ಯಾಲೆ ಎಡಕ್ಕ ಎರಡನೇ ತ್ವಾಟ."

ಮರದ ಕಡೆ ಹೇಗೆ ಬಂದೆನೋ ಗೊತ್ತಿಲ್ಲ. ಅವರು ನನ್ನ ಪಾಲಿನ ರೊಟ್ಟಿಯನ್ನು ಅರಿವೆಯಲ್ಲಿ ಮುಚ್ಚಿ, ಇರುವೆ ಬಾರದಂತೆ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು. ಅದನ್ನು ನೋಡಿ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ನನ್ನ ಹಣೆಬರಹವೇ ಅಷ್ಟು, ಹೆದರಿಕೆಯಾದರೂ ನನಗೆ ಸಿಟ್ಟಾಗಿಯೇ ಹೊರಬರುತ್ತದೆ.

"ಹಾಲ್ ಟಿಕೆಟ್ ಅದರಾಗ ಇಡಂತ ನಿಮಗ ಯಾರ ಹೇಳಿದ್ರು?" ಎಂದು ಒದರಿದೆ. "ಟ್ರಂಕ್ ಇರಲಿಲ್ಲಾ? ಪೆಟ್ಟಿಗಿ ಇರಲಿಲ್ಲಾ? ನನಗೊಂದ ಮಾತ ಹೇಳಬಾರದಾ?"

"ಯಾಕ, ಏನಾತು?"

"ನಿಘಂಟು ರದ್ದಿಗೆ ಹೋತು! ನಾನ ಹಾಕಿದೆ. ಈಗ ದ್ರಾಕ್ಷಿ ತ್ವಾಟಕ್ಕ ಹೋಗೇತಿ."

ಅವರ ಮುಖ ನೋಡಲಿಲ್ಲ. ನೋಡಿದ್ದರೆ ಬಾಯಿ ಕಟ್ಟುತ್ತಿತ್ತು. ಕಟ್ಟಬಾರದೆಂದೇ ಇನ್ನೂ ಒದರಿದೆ. "ನಿಮಗ ಬೇಕಾದ್ದ ಆತು. ನಾ ಪಾಸಾಗೂದು ನಿಮಗ ಮೊದಲಿಂದ ಬ್ಯಾಡಾಗಿತ್ತು. ಬಿದ್ರ ಬಿತ್ತ ಬಿಡ ಅಂದ್ರಲ್ಲ, ಈಗ ಪರೀಕ್ಷಾಕ ಕೂಡೂದ ಬ್ಯಾಡ, ಬೀಳೂದ ಬ್ಯಾಡ. ಬೇಕಂತ ಅದರಾಗ ಇಟ್ರಿ!"

ಬಸ್ಸಿಗೆ ಕಾಯುತ್ತಿದ್ದ ಮಂದಿ ತಿರುಗಿ ನೋಡಿದರು. ಅವರು ರೊಟ್ಟಿಯ ಗಂಟನ್ನು ಚೀಲದೊಳಗೆ ಇಟ್ಟರು. ಎದ್ದು ನಿಂತು ಪೈಜಾಮದ ಮಣ್ಣು ಝಾಡಿಸಿಕೊಂಡರು.

"ಟೆಂಪೋ ಎಷ್ಟೊತ್ತಿಗೆ ಹೋತಂತ?" ಎಂದರು.

"ಅರ್ಧಾ ತಾಸಾತಂತ."

"ನಡಿ."

ನಿಲ್ದಾಣದ ಎದುರಿಗೆ ತಾಸಿನ ಮೇಲೆ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಯಿತ್ತು. ಗುರುತಿಗೆಂದು ಕೈಗಡಿಯಾರ ಬಿಚ್ಚಿಕೊಟ್ಟು ಒಂದು ಸೈಕಲ್ ತಂದರು. ನಾನು ಪುಸ್ತಕದ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಕ್ಯಾರಿಯರಿನ ಮೇಲೆ ಕುಳಿತೆ. ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಅವರ ಅಂಗಿಯ ಬೆನ್ನು ನನ್ನ ಕಣ್ಣ ಮುಂದೆಯೇ ತೋಯ್ದು ಹೋಯಿತು. ನಾನು ಒಂದೇ ಸಮ ಮಾತಾಡುತ್ತಿದ್ದೆ. ಹಾಲ್ ಟಿಕೆಟ್ ಹರಿದಿದ್ದರೆ? ನಾಳೆ ಯಾವ ಆಫೀಸಿಗೆ ಓಡುವುದು? ಎರಡು ದಿನದಲ್ಲಿ ಇನ್ನೊಂದು ಯಾರು ಕೊಡುತ್ತಾರೆ? ಅವರು ಎದ್ದು ನಿಂತು ಪೆಡಲ್ ತುಳಿಯುತ್ತಿದ್ದರು. ಉಸಿರು ಬಿಡುವ ಸದ್ದು ಮಾತ್ರ ಕೇಳುತ್ತಿತ್ತು.

ಎದುರಿನಿಂದ ದ್ರಾಕ್ಷಿ ಡಬ್ಬಿ ಹೇರಿಕೊಂಡ ಒಂದು ಲಾರಿ ಬಂತು, ಅದರ ಹಿಂದೆ ಇನ್ನೊಂದು. ತಾಡಪತ್ರಿ ಬಿಗಿದು ಕಟ್ಟಿದ್ದರು. ನನ್ನ ಹಾಲ್ ಟಿಕೆಟ್ ಅದರೊಳಗೇ ಹೊರಟಿದೆ ಎಂದು ಖಾತ್ರಿಯಾಗಿ ಕ್ಯಾರಿಯರಿನಿಂದ ಜಿಗಿಯಲು ಹೋದೆ. ಸೈಕಲ್ ಹೊಯ್ದಾಡಿತು.

"ಸುಮ್ಮ ಕೂಡ!" ಎಂದು ಅವರು ಗದರಿಸಿದರು. ಮದುವೆಯಾದಾಗಿನಿಂದ ಅವರು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು. ನಾನು ಕ್ಯಾರಿಯರನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹಳ್ಳ ದಾಟಿದ ಮೇಲೆ ಎರಡನೆಯ ತೋಟ ಸಿಕ್ಕಿತು. ತಗಡಿನ ಚಪ್ಪರದ ಕೆಳಗೆ ಹತ್ತು ಹನ್ನೆರಡು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಗೊಂಚಲಿನೊಳಗಿನ ಕೆಟ್ಟ ಹಣ್ಣನ್ನು ಕತ್ತರಿಯಿಂದ ತೆಗೆದು ಡಬ್ಬಿ ತುಂಬುತ್ತಿದ್ದರು. ತುಂಬಿದ ಡಬ್ಬಿಗಳಿಗೆ ಇಬ್ಬರು ಗಂಡಸರು ಮೊಳೆ ಹೊಡೆಯುತ್ತಿದ್ದರು. ಮೊಳೆ ಹೊಡೆದ ಡಬ್ಬಿಗಳು ಒಂದು ಕಡೆ ಎದೆಮಟ್ಟ ಏರಿದ್ದವು. ಚಪ್ಪರದೊಳಗೆ ಕಾಲಿಡುತ್ತಲೇ ಹತ್ತಿರದ ತೆರೆದ ಡಬ್ಬಿಯೊಳಗೆ ನೋಡಿದೆ. ಬುಡಕ್ಕೆ ಹಾಸಿದ್ದು ನಿಘಂಟಿನ ಹಾಳೆ. ಅದರ ಸಣ್ಣ ಅಕ್ಷರ, ನಡುವಿನ ಗೆರೆ ನನಗೆ ಗುರುತಿತ್ತು.

ತೋಟದ ಸಾಹುಕಾರರು ಹೊರಸಿನ ಮೇಲೆ ಕುಳಿತಿದ್ದರು. ಇವರು ಕೈ ಮುಗಿದು ಎಲ್ಲ ಹೇಳಿದರು. ಯಾರ ತಪ್ಪೆಂದು ಹೇಳಲಿಲ್ಲ, "ಪುಸ್ತಕದಾಗ ಉಳಿದಬಿಟ್ಟೇತ್ರಿ," ಎಂದರು, ಅಷ್ಟೇ.

"ಮಾಸ್ತರ, ನಾಕು ಗಂಟೆಕ ಗಾಡಿ ಮಿರ್ಜಿಗೆ ಹೋಗಬೇಕು," ಎಂದರು ಸಾಹುಕಾರರು. "ಬಿಚ್ಚಿದ್ದ ಡಬ್ಬಿ ನೋಡ್ಕೋರಿ, ನಾ ಬ್ಯಾಡ ಅನ್ನೂದಿಲ್ಲ. ಮೊಳಿ ಹೊಡದದ್ದ ಮಾತ್ರ ಮುಟ್ಟಬ್ಯಾಡ್ರಿ. ಹಣ್ಣ ಉದರಿದ್ರ ಯಾರ್ ತಗೋತಾರ್ರಿ?"

ಇಬ್ಬರೂ ಮೊಣಕಾಲೂರಿದೆವು. ತುಂಬದೆ ಇದ್ದ ಡಬ್ಬಿಗಳ ಬುಡದಲ್ಲಿ ಕೈ ಹಾಕಿ ಹಾಳೆ ತೆಗೆದು ನೋಡುವುದು, ಮತ್ತೆ ಹಾಸುವುದು. ಉಳಿದ ರದ್ದಿಯ ಮೂಟೆಯನ್ನು ಬುಡಮೇಲು ಮಾಡಿ ಒಂದೊಂದೇ ಹಾಳೆ ಕೊಡಹಿದೆವು. ಯಾರದೋ ಲೆಕ್ಕದ ವಹಿ, ವರ್ತಮಾನಪತ್ರಿಕೆ, ಮರಾಠಿ ಪಠ್ಯ, ಮತ್ತೆ ನಿಘಂಟು, ಮತ್ತೆ ನಿಘಂಟು. ಹಾಲ್ ಟಿಕೆಟ್ ಇಲ್ಲ. ಆ ಕಡೆ ಮೊಳೆ ಹೊಡೆಯುವ ಸದ್ದು ನಿಂತೇ ಇರಲಿಲ್ಲ. ಕೊನೆಗೆ ನಾನು ಮೊಳೆ ಹೊಡೆದ ಡಬ್ಬಿಗಳ ಮುಂದೆ ಹೋಗಿ ಕುಳಿತು ಮಂದಿಯ ಮುಂದೆಯೇ ಅತ್ತುಬಿಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಗೆಟ್ಟು ಅತ್ತಿಲ್ಲ.

ಸಾಲಿನ ಕೊನೆಗೆ ಕುಳಿತಿದ್ದ ಮುದುಕಿಯೊಬ್ಬಳು ಕತ್ತರಿ ಕೆಳಗಿಟ್ಟಳು.

"ಏನ್ ಹುಡುಕಾಕತ್ತೀಯವಾ? ಕಾಗದದಾಗ ಮಾರಿ ಇತ್ತೇನು?"

"ಮಾರಿ ಅಂದ್ರ?"

"ಫೋಟೋನವಾ. ಯಾರದರ ಫೋಟೋ ಇತ್ತೇನು?"

"ನಂದ ಇತ್ತ ಯಮ್ಮಾ!"

"ಹಂಗಂದ್ರ ಡಬ್ಯಾಗ ಇರೂದಿಲ್ಲ ಬಿಡ. ಮಾರಿ ಇದ್ದ ಕಾಗದಾ ನಾವು ಹಣ್ಣಿನ ಬುಡಕ ಹಾಕೂದಿಲ್ಲ. ದೇವರದಿರ್ಲಿ, ಮನಿಷಾಂದಿರ್ಲಿ. ಮಾರಿ ಮ್ಯಾಲೆ ಭಾರ ಹೇರಬಾರದು." ಅವಳು ತನ್ನ ಹಿಂದಿದ್ದ ಒಂದು ಕಲ್ಲನ್ನು ಎತ್ತಿದಳು. ಅದರ ಕೆಳಗೆ ಒಂದು ಕಟ್ಟು ಕಾಗದ.

ಆ ತೋಟದ ಹೆಣ್ಣುಮಕ್ಕಳ ಪದ್ಧತಿ ಅದು. ಸಂಜೆ ಹೋಗುವಾಗ ಆ ಕಟ್ಟನ್ನು ಒಯ್ದು ಬಾವಿಯ ಹತ್ತಿರದ ಗಿಡದ ಬುಡಕ್ಕೆ ಇಟ್ಟು ಹೋಗುತ್ತಾರಂತೆ. ನಾನು ಒಂದೊಂದಾಗಿ ತಿರುವಿದೆ. ಕ್ಯಾಲೆಂಡರಿನ ಲಕ್ಷ್ಮಿ, ಚುನಾವಣೆಗೆ ನಿಂತವರ ಮುಖಗಳು, ಸಿನಿಮಾದ ನಾಯಕಿಯರು, ಯಾರದೋ ಮದುವೆಯ ಕರೆಯೋಲೆಯ ಗಣಪತಿ. ನಾನಿಲ್ಲ. ಕೊನೆಯತನಕ ತಿರುವಿದೆ, ಇಲ್ಲ. ಅವರು ಕಟ್ಟನ್ನು ನನ್ನ ಕೈಯಿಂದ ಇಸಿದುಕೊಂಡು ಮತ್ತೆ ಮೊದಲಿನಿಂದ ತಿರುವತೊಡಗಿದರು.

ಮುದುಕಿ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. "ತಡಿ ತಡಿ. ಎರಡು ಜಡಿ, ಮ್ಯಾಲೆ ಶಿಕ್ಕಾ ಹೊಡದಾರ, ಹೌದಲ್ಲ? ಏನೋ ಸರಕಾರದ್ದೈತಿ ಅಂತ ಅದನ್ನ ಬ್ಯಾರೆ ಇಟ್ಟೀನಿ," ಎಂದು ಸೊಂಟದ ಎಲೆಯಡಿಕೆ ಚಂಚಿಯನ್ನು ಬಿಚ್ಚಿದಳು. ನಾಲ್ಕು ಮಡಿಕೆಯಾಗಿ ನನ್ನ ಹಾಲ್ ಟಿಕೆಟ್ ಅದರೊಳಗಿತ್ತು. 'ಸುಣ್ಣದ ಡಬ್ಬಿಯ ಪಕ್ಕದಲ್ಲಿ ನಾನಿದ್ದೆ' ಎಂದು ಆಮೇಲೆ ಎಷ್ಟೋ ಸಲ ನಗುತ್ತ ಹೇಳಿದ್ದೇನೆ. ಅಂದು ನಗು ಬರಲಿಲ್ಲ. ಹರಿದಿರಲಿಲ್ಲ. ನಂಬರು, ಸಹಿ, ಶಿಕ್ಕಾ ಎಲ್ಲ ಇದ್ದವು. ಒಂದು ಮೂಲೆಗೆ ಸುಣ್ಣ ಹತ್ತಿತ್ತು, ಅಷ್ಟೇ. ನಾನು ಆ ಮುದುಕಿಯ ಕಾಲು ಹಿಡಿದುಕೊಂಡೆ.

"ಏ ಬಿಡವಾ, ನನಗ ಕೆಲಸೈತಿ," ಎಂದು ಅವಳು ಕತ್ತರಿ ಎತ್ತಿಕೊಂಡಳು.

ಹೊರಡುವಾಗ ಸಾಹುಕಾರರಿಗೂ ಕರುಣೆ ಬಂದಿತ್ತು. "ಮಾಸ್ತರ, ನಿಮ್ಮ ಪುಸ್ತಕದ ಹಾಳಿ ಉಳದಾವಲ್ಲ, ಕಟ್ಟಿಸಿ ಕೊಡ್ಲೇನು?" ಎಂದರು. ಮೂಟೆಯ ಪಕ್ಕದಲ್ಲಿ ನಿಘಂಟಿನ ಕಾಲು ಭಾಗ ಹೊಲಿಗೆ ಬಿಚ್ಚಿ ಬಿದ್ದಿತ್ತು. ಅವರು ಅದರ ಕಡೆ ಒಂದು ಸಲ ನೋಡಿದರು. ಬಗ್ಗಿ ಮೇಲಿನ ಹಾಳೆಯನ್ನು ನೆಟ್ಟಗೆ ಮಾಡಿದರು. "ಬ್ಯಾಡ್ರಿ. ನಡುವಿನ ಹಾಳಿ ಹೋದ ಮ್ಯಾಲೆ ನಿಘಂಟು ಯಾತಕ್ಕ ಬರ್ತೈತಿ? ನಿಮ್ಮ ಹಣ್ಣಿಗರ ಆಗ್ಲಿ," ಎಂದು ಸೈಕಲ್ಲಿನ ಕಡೆ ನಡೆದರು.

ದಾರಿಯುದ್ದಕ್ಕೂ ನಾನು ಹಾಲ್ ಟಿಕೆಟ್ಟನ್ನು ಕುಪ್ಪಸದೊಳಗೆ ಒತ್ತಿ ಹಿಡಿದುಕೊಂಡಿದ್ದೆ. ಸಿಟ್ಟು ಎಂದೋ ಇಳಿದುಹೋಗಿತ್ತು. ಅದು ಇದ್ದಿದ್ದರೇ ಚೆನ್ನಾಗಿತ್ತು. ಅದು ಹೋದ ಜಾಗದಲ್ಲಿ, ಬಸ್ ನಿಲ್ದಾಣದಲ್ಲಿ ನಾನು ಆಡಿದ ಮಾತು ಒಂದೊಂದಾಗಿ ನೆನಪಿಗೆ ಬರುತ್ತಿತ್ತು. ಅವರು ಏನಾದರೂ ಅಂದಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ. ಅವರು ಏನೂ ಅನ್ನಲಿಲ್ಲ. ಸೋಮವಾರ ಶಾಲೆಗೆ ಹೋದರು, ಬಂದರು. ಉಣ್ಣುವಾಗ ಅವರ ಎಡಗೈ ಸುಮ್ಮನೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ನನಗೆ ನೋಡಲಾಗುತ್ತಿರಲಿಲ್ಲ. ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಮಂಗಳವಾರ ಚಿಕ್ಕೋಡಿಗೆ ಹೋದೆವು. ಬಸ್ಸಿನಲ್ಲಿ ಗೈಡು ಹಿಡಿದು ನನಗೆ ಪ್ರಶ್ನೆ ಕೇಳುತ್ತ ಬಂದರು, ನಾನು ಉತ್ತರ ಹೇಳುತ್ತ ಹೋದೆ.

ಬುಧವಾರ ಪರೀಕ್ಷೆಯ ಕೇಂದ್ರದ ಗೇಟಿನ ಮುಂದೆ ಗದ್ದಲ. ನಮ್ಮ ಮನೆಯವರು ನನ್ನ ಪೆನ್ನು ನೋಡಿದರು, ಶಾಯಿ ನೋಡಿದರು, ಹಾಲ್ ಟಿಕೆಟ್ ಕೈಯಲ್ಲಿ ಇದೆಯೇ ಎಂದು ಮೂರನೆಯ ಸಲ ನೋಡಿದರು. ಇನ್ನು ಒಳಗೆ ಹೋಗಬೇಕು. ನನಗೆ ತಡೆಯಲಾಗಲಿಲ್ಲ.

"ಅಲ್ರೀ, ಮನಿ ತುಂಬ ಪುಸ್ತಕ ಇದ್ದುವಲ್ಲ," ಎಂದೆ. "ಅದರಾಗ ಯಾಕ ಇಟ್ರಿ?"

ಅವರಿಗೆ ನಾನು ಹೀಗೆ ಕೇಳಿದ್ದೇ ಆಶ್ಚರ್ಯವಾದಂತೆ ಕಂಡಿತು.

"ಉಳದದ್ದ ಯಾವ ಪುಸ್ತಕಾ ಆದ್ರೂ ನೀ ಯಾವತ್ತರ ತಕ್ಕಡಿಗೆ ಹಾಕ್ತಿದ್ದಿ," ಎಂದರು. "ಅದೊಂದನ್ನ ಹಾಕೂದಿಲ್ಲಂತ ನನಗ ಗೊತ್ತಿತ್ತು. ಅದಕ್ಕ ಅದರಾಗ ಇಟ್ಟೆ."

ದನಿಯಲ್ಲಿ ಚುಚ್ಚು ಇರಲಿಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳಿದರು. ಗಂಟೆ ಬಾರಿಸಿತು. ಹಿಂದಿನವರು ನೂಕಿದರು, ನಾನು ಒಳಗೆ ಹೋದೆ.

ಪ್ರಶ್ನೆಪತ್ರಿಕೆ ಕೊಟ್ಟು ಬಹಳ ಹೊತ್ತಾದರೂ ನಾನು ಪೆನ್ನಿನ ಟೊಪ್ಪಿಗೆ ತೆಗೆದಿರಲಿಲ್ಲ. ಮೇಲ್ವಿಚಾರಕರು ಹತ್ತಿರ ಬಂದು ಹಾಲ್ ಟಿಕೆಟ್ ನೋಡಿದರು, ಫೋಟೋ ನೋಡಿದರು, ನನ್ನ ಮುಖ ನೋಡಿದರು. "ಯಾಕ್ರಿ ಬಾಯಾರ, ಪೇಪರ್ ಕಠಿಣ ಐತೇನು?" ಎಂದು ಮೆಲ್ಲಗೆ ಕೇಳಿದರು.

ಇಲ್ಲರಿ ಎಂದು ತಲೆ ಅಲ್ಲಾಡಿಸಿ ಬರೆಯತೊಡಗಿದೆ. ಆ ಸಲ ಪಾಸಾದೆ.